ಬರಿದಾದ ಗುಳ್ಳೆ ಕೊಳವೆ

ಸಾರ್ಜೆಂಟ್ ಬೆರಿಲ್ ಟನಿಕ್ಲಿಫ್ ನನ್ನ ಭಾವನ ಷೆಡ್ಡಿನ ನೆಲದ ಮೇಲೆ ಮಂಡಿಯೂರಿ, ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳಕ್ಕೆ ಮೂಗು ತಾಗಿಸಿ ಮೂಸುತ್ತಿದ್ದರು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಹೊರಗೆ ಜನವರಿಯ ಹಿಮ ಹುಲ್ಲಿನ ಮೇಲೆ ಗಟ್ಟಿಯಾಗಿ ಕೂತಿತ್ತು.

ಮೂರು ದಿನದ ಹಿಂದೆ ಇದೇ ನೆಲದ ಮೇಲೆ ನನ್ನ ಭಾವ ಗಿಲ್ಬರ್ಟ್ ಪ್ಲಿಮರ್ ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ಬಿದ್ದಿದ್ದ. ಅವನ ರಕ್ತದಲ್ಲಿ ಆಸ್ಪತ್ರೆಯವರಿಗೆ ಆಂಟಿಫ್ರೀಜ್ ಸಿಕ್ಕಿತು, ಚಳಿಗೆ ಕಾರಿನ ನೀರು ಹೆಪ್ಪುಗಟ್ಟದಿರಲೆಂದು ಹಾಕುವ ಆ ನೀಲಿ ವಿಷ. ಅದೇ ವಿಷ ಅವನು ಮನೆಯಲ್ಲಿ ಕಾಯಿಸಿ ಈ ಡ್ರಮ್ಮಿನಲ್ಲಿ ಹುದುಗಲು ಬಿಟ್ಟಿದ್ದ ಪೇಲ್ ಏಲ್ ಎಂಬ ಕಹಿ ಬಿಯರಿನಲ್ಲೂ ಸಿಕ್ಕಿತು. ಮೂಲೆಯಲ್ಲಿದ್ದ ಆಂಟಿಫ್ರೀಜ್ ಡಬ್ಬದ ಮೇಲೆ ನನ್ನ ಅಕ್ಕ ರೋಡಾಳ ಬೆರಳಚ್ಚು ಸಿಕ್ಕಿತು. ಇನ್‌ಸ್ಪೆಕ್ಟರ್ ಸಾಹೇಬರಿಗೆ ಇನ್ನೇನು ಬೇಕು? ಇವತ್ತು ಸಂಜೆ ಠಾಣೆಗೆ ಬರಬೇಕೆಂದು ಅವಳಿಗೆ ಹೇಳಿಕಳಿಸಿದ್ದರು. ಗಂಡನಿಗೆ ವಿಷ ಹಾಕಿದಳೆಂದು ಕೇಸು ಹಾಕಲು ಕಾಗದ ಪತ್ರ ಎಲ್ಲ ತಯಾರಾಗಿತ್ತು.

ಡಬ್ಬದ ಮೇಲೆ ಗಿಲ್ಬರ್ಟನ ಬೆರಳಚ್ಚೂ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಯಾಕೆಂದರೆ ಕ್ರಿಸ್‌ಮಸ್ ಊಟದಲ್ಲಿ, ಮನೆಯಲ್ಲೇ ಏಲ್ ಮಾಡುವವರ ನಮ್ಮ ಕೂಟದ ಅಷ್ಟೂ ಜನರ ಎದುರು, ಅಕ್ಕ ಒಂದು ಮಾತು ಆಡಿಬಿಟ್ಟಿದ್ದಳು. ಗಿಲ್ಬರ್ಟ್ ಏಲ್‌ಗೆ ಕಹಿ ಕೊಡುವ ಹಾಪ್ಸ್ ಹೂ ಕುದಿಸಿದ ದಿನವೆಲ್ಲ ಅವಳ ಒಗೆದ ಬೆಡ್‌ಶೀಟುಗಳು ಕಹಿ ವಾಸನೆ ಹೊಡೆಯುತ್ತಿದ್ದವು. "ಒಂದಿನ ಇವನ ಏಲ್‌ಗೆ ನಾನೇ ಏನಾದ್ರೂ ಹಾಕ್ತೀನಿ ನೋಡ್ತಿರಿ" ಅಂದಿದ್ದಳು. ಆವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೇ ಈಗ ಪೊಲೀಸರ ಮುಂದೆ ಅದನ್ನು ಅಕ್ಷರ ಬಿಡದೆ ಒಪ್ಪಿಸಿದ್ದರು. ನಮ್ಮೂರು ಬರ್ಟನ್ನಿನಲ್ಲಿ ಏಲ್ ಮಾಡುವವನನ್ನು ಕಟ್ಟಿಕೊಂಡ ಯಾವ ಹೆಂಗಸು ಆ ಮಾತು ಆಡಿಲ್ಲ ಹೇಳಿ.

"ಕ್ಲೆಮ್," ಸಾರ್ಜೆಂಟ್ ತಲೆ ಎತ್ತದೆ ಕರೆದರು. "ಇದೇನಿದು, ಮುಚ್ಚಳದ ಮೇಲೆ ಸೊಂಡಿಲಿನ ಥರ?"

ಅದು ಗುಳ್ಳೆ ಕೊಳವೆ ಎಂದೆ. ಏಲ್ ಹುದುಗುವಾಗ ಒಳಗೆ ಗಾಳಿ ತುಂಬುತ್ತದೆ. ಅದು ಹೊರಗೆ ಹೋಗಬೇಕು, ಆದರೆ ಹೊರಗಿನದು ಒಳಗೆ ಬರಬಾರದು. ಅದಕ್ಕೇ ಈ ಬಾಗಿದ ಕೊಳವೆಯಲ್ಲಿ ಒಂದಿಷ್ಟು ನೀರು ಹಾಕಿಡುತ್ತೇವೆ. ಗಾಳಿ ನೀರಿನೊಳಗಿಂದ ಗುಳುಗುಳು ಎಂದು ಹೊರಬೀಳುತ್ತದೆ. ಗಿಲ್ಬರ್ಟ್ ಇಲ್ಲೇ ಕುರ್ಚಿ ಹಾಕಿಕೊಂಡು ಕೂತು ಅದನ್ನು ಕೇಳುತ್ತಿದ್ದ. ಟೀವಿಯಲ್ಲಿ ಬರುವುದಕ್ಕಿಂತ ಇದೇ ವಾಸಿ ಎನ್ನುತ್ತಿದ್ದ.

"ನೀರೆಲ್ಲಿ?"

ನಾನು ಬಗ್ಗಿ ನೋಡಿದೆ. ಕೊಳವೆ ಬರಿದಾಗಿತ್ತು. ಈ ಚಳಿಗೆ ನೀರು ಆರುವ ಮಾತೇ ಇಲ್ಲ. ಒಳಗೋಡೆಗೆ ತೆಳ್ಳಗೆ ನೀಲಿ ಗೆರೆಯೊಂದು ಅಂಟಿಕೊಂಡಿತ್ತು.

ಆಗ ನನಗೆ ಹೊಳೆಯಿತು. ಹೋದ ಚಳಿಗಾಲದಲ್ಲಿ ಗಿಲ್ಬರ್ಟನ ಕೊಳವೆಯ ನೀರು ಗಟ್ಟಿಯಾಗಿ, ಕೊಳವೆ ಸೀಳಿ, ಏಲೆಲ್ಲ ಹುಳಿ ಹಿಡಿದು ಹೋಗಿತ್ತು. ಈ ಸಲ ಗಟ್ಟಿಯಾಗದಂಥದ್ದು ಏನಾದರೂ ಹಾಕುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ನಮ್ಮಲ್ಲಿ ಕೆಲವರು ಒಂದು ಗುಟುಕು ವೋಡ್ಕಾ ಹಾಕುತ್ತಾರೆ. ಗಿಲ್ಬರ್ಟ್ ಮಹಾ ಜುಗ್ಗ. ಗುಳ್ಳೆ ಬಿಡುವುದಕ್ಕೆ ವೋಡ್ಕಾ ಖರ್ಚು ಮಾಡುವ ಆಸಾಮಿಯೇ ಅಲ್ಲ. ಕಾರಿನ ಆಂಟಿಫ್ರೀಜನ್ನೇ ಕೊಳವೆಗೆ ಸುರಿದಿದ್ದ.

ಅಕ್ಕ ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದಳು. ಕಾರಿನಿಂದ ಆ ಡಬ್ಬ ತಂದುಕೊಡು ಎಂದ, ತಂದುಕೊಟ್ಟೆ, ಯಾಕೆ ಅಂತ ಕೇಳಲಿಲ್ಲ, ಈ ಷೆಡ್ಡಿನಲ್ಲಿ ಏನು ನಡೆಯುತ್ತದೋ ನಾನ್ಯಾಕೆ ಕೇಳಲಿ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸರಿ, ಕೊಳವೇಲಿತ್ತು," ಎಂದರು ಸಾರ್ಜೆಂಟ್. "ಡ್ರಮ್ಮಿನೊಳಗೆ ಹೆಂಗೆ ಹೋಯ್ತು?"

ಡ್ರಮ್ಮು ಬೆಚ್ಚಗಿದ್ದು ಒಮ್ಮೆಲೇ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತದೆ, ಕೊಳವೆಯಲ್ಲಿದ್ದುದನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ವಿವರಿಸಿದೆ. ಏಲ್ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಆದರೆ ಗಿಲ್ಬರ್ಟನ ಡ್ರಮ್ಮು ತಣ್ಣಗಾಗಲು ಸಾಧ್ಯವೇ ಇರಲಿಲ್ಲ. ಅಕ್ಕನ ಹಳೆಯ ಕರೆಂಟ್ ಕಂಬಳಿಯನ್ನು ಅದಕ್ಕೆ ಸುತ್ತಿ, ಹಗಲೂ ರಾತ್ರಿ ಬೆಚ್ಚಗಿಟ್ಟಿದ್ದ.

ಸಾರ್ಜೆಂಟ್ ಕಂಬಳಿಯ ವೈರು ಹಿಡಿದುಕೊಂಡು ಗೋಡೆಯವರೆಗೂ ಹೋದರು. ಸ್ವಿಚ್ಚು ಆರಿತ್ತು. ಪೊಲೀಸರೇನಾದರೂ ಆರಿಸಿದರೇ? ಮೊದಲ ದಿನ ತೆಗೆದ ಫೋಟೋಗಳನ್ನು ತಮ್ಮ ಫೋನಿನಲ್ಲಿ ಹಿಗ್ಗಿಸಿ ನೋಡಿದರು. ಅದರಲ್ಲೂ ಆರಿತ್ತು. ಗಿಲ್ಬರ್ಟ್ ತನ್ನ ಮಲಗುವ ಕೋಣೆಯ ಹೀಟರಾದರೂ ಆರಿಸಿಯಾನು, ಇದನ್ನಲ್ಲ.

ಯಾರೋ ಒಳಗೆ ಬಂದಿದ್ದರು. ಬರುವುದೇನೂ ಕಷ್ಟವಲ್ಲ. ನಮ್ಮ ಕೂಟದಲ್ಲಿ ಹುದುಗು, ಅಂದರೆ ಯೀಸ್ಟು, ಕೇಳಿ ಬಂದವರಿಗೆ ಇಲ್ಲ ಅನ್ನುವಂತಿಲ್ಲ, ಹಾಲಿಗೆ ಹೆಪ್ಪು ಕೇಳಿದಷ್ಟೇ ಸಹಜ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೂಕುಂಡದ ಕೆಳಗಿನ ಬೀಗದಕೈ ತೆಗೆದುಕೊಂಡು, ಡ್ರಮ್ಮಿನ ನಲ್ಲಿಯಿಂದ ಒಂದು ಜಾಡಿ ಹುದುಗು ಹಿಡಿದುಕೊಂಡು ಹೋಗಬಹುದು. ಎಲ್ಲರ ಷೆಡ್ಡಿನ ಬೀಗದಕೈ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು.

ನಾನು ಡ್ರಮ್ಮಿನ ಬುಡಕ್ಕೆ ಬಗ್ಗಿದೆ. ನಲ್ಲಿ ಫಳಫಳ ಹೊಳೆಯುತ್ತಿತ್ತು. ಅದರ ಮೂತಿಗೆ ಅಡಿಗೆಮನೆಯ ಕಾಗದದ ಟವೆಲ್ಲೊಂದನ್ನು ಮಡಿಸಿ ಸುತ್ತಿ ರಬ್ಬರ್ ಬ್ಯಾಂಡು ಹಾಕಿತ್ತು. ಮೂಸಿದರೆ ಸ್ಪಿರಿಟ್ ವಾಸನೆ. ಪೊಲೀಸರು ಅದನ್ನು ಗಿಲ್ಬರ್ಟನದೇ ಕೆಲಸ ಎಂದುಕೊಂಡು ಬಿಟ್ಟಿದ್ದರು. ನನಗೆ ನಗು ಬಂತು. ಇಡೀ ಊರಿನಲ್ಲಿ ನಲ್ಲಿಗೆ ಹೀಗೆ ಲಂಗೋಟಿ ಕಟ್ಟುವ ಮನುಷ್ಯ ಒಬ್ಬನೇ.

"ಮರ್ವಿನ್ ಸ್ಪ್ರಾಟ್," ಎಂದೆ. "ಹಲ್ಲಿನ ಡಾಕ್ಟರು. ಹಿಂದಿನ ಬೀದೀಲೇ ಮನೆ."

ಸಾರ್ಜೆಂಟ್ ಮಂಡಿಯ ಧೂಳು ಕೊಡವಿಕೊಂಡು ಎದ್ದರು. "ನಡೀರಿ ಡಕ್. ಟೀ ಕುಡಿಯೋಣ." ಡಕ್ ಎಂದರೆ ನಾನೇ. ನಮ್ಮ ಕಡೆ ಬಸ್ಸಿನವರಿಂದ ಹಿಡಿದು ಜಡ್ಜಿನವರೆಗೂ ಎಲ್ಲರೂ ಎಲ್ಲರನ್ನೂ ಬಾತುಕೋಳಿ ಮಾಡಿಯೇ ಮಾತಾಡಿಸುವುದು.

*

ಅಕ್ಕ ಅಡಿಗೆಮನೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದಳು, ಠಾಣೆಗೆ ಹೋಗಲು ತಯಾರಾಗಿ. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಗಂಡನ ಹಾಸಿಗೆಯ ಹತ್ತಿರವೂ ಅವಳನ್ನು ಬಿಟ್ಟಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ಕಾನ್‌ಸ್ಟೇಬಲ್ಲೊಬ್ಬ ಅಡ್ಡ ನಿಂತಿದ್ದ.

ಮರ್ವಿನ್ ಸ್ಪ್ರಾಟ್ ಕರೆದ ಕೂಡಲೇ ಬಂದ. ಎತ್ತರದ ಆಳು, ಬಿಳೀ ಮೀಸೆ. ನಿವೃತ್ತನಾಗಿ ವರ್ಷಗಳಾದರೂ ಕೈಯಿಂದ ಇನ್ನೂ ಸೋಪಿನ ವಾಸನೆ ಬರುತ್ತದೆ. ಕೂಟದ ಫೆಬ್ರವರಿ ಸ್ಪರ್ಧೆಯ ಬೆಳ್ಳಿ ಬಟ್ಟಲು ವರ್ಷಾನುಗಟ್ಟಲೆ ಅವನ ಮನೆಯ ಕಪಾಟಿನಲ್ಲೇ ಇತ್ತು. ಹೋದ ವರ್ಷ ಗಿಲ್ಬರ್ಟ್ ಅದನ್ನು ಎತ್ತಿಕೊಂಡು ಬಂದ. ಅವತ್ತಿನಿಂದ ಮರ್ವಿನ್ ಅವನೊಡನೆ ಬರೀ ಹವಾಮಾನದ ಮಾತಾಡುತ್ತಿದ್ದ.

ಈಚೆಗೆ ಷೆಡ್ಡಿಗೆ ಬಂದಿದ್ದಿರಾ ಎಂದು ಸಾರ್ಜೆಂಟ್ ಕೇಳಿದರು. ಇಲ್ಲ ಎಂದ. ಹುದುಗಿಗೆ? ತಾನು ಅಂಗಡಿಯ ಪೊಟ್ಟಣದ ಹುದುಗನ್ನೇ ಹಾಕುವುದು, ಬೇರೆಯವರ ಮನೆಯದ್ದು ತನಗೆ ಸೇರುವುದಿಲ್ಲ ಎಂದ. ಹೇಳುವಾಗ ಮೀಸೆ ಕೂಡ ಅಲುಗಲಿಲ್ಲ.

ಸಾರ್ಜೆಂಟ್ ಟೀಗೆ ಸಕ್ಕರೆ ಹಾಕಿ ಕಲಕಿದರು. ಆಮೇಲೆ ರಬ್ಬರ್ ಬ್ಯಾಂಡು ಸುತ್ತಿದ ಕಾಗದದ ಟವೆಲ್ಲನ್ನು ಮೇಜಿನ ಮೇಲಿಟ್ಟರು.

"ಒಂದು ವಿಷ್ಯ ನಂಗೆ ಅರ್ಥ ಆಗ್ತಿಲ್ಲ, ಮಿಸ್ಟರ್ ಸ್ಪ್ರಾಟ್. ಇನ್ನೊಬ್ಬರ ಏಲ್ ಹಾಳು ಮಾಡೋಕೆ ಬಂದವರು ನಲ್ಲಿ ಯಾಕೆ ತೊಳೆದು ಹೋಗ್ತಾರೆ?"

"ತೊಳೆಯದೆ ಹಾಗೇ ಬಿಡೋಕಾಗುತ್ತಾ? ಕೀಟಾಣು ಒಳಗೆ ಹೋಗಲ್ವಾ?" ಎಂದ ಮರ್ವಿನ್.

ಅಂದ ಮೇಲೆ ತಾನು ಏನಂದೆ ಎನ್ನುವುದು ಅವನ ತಲೆಗೆ ಹೋಯಿತು. ಬಾಯಿ ತೆರೆದಿದ್ದು ತೆರೆದೇ ಇತ್ತು. ಎಷ್ಟು ಜನರ ಬಾಯಿ ತೆರೆಸಿ ಕೂರಿಸಿದ್ದ ಮನುಷ್ಯ.

"ಕಂಬಳಿ ಸ್ವಿಚ್ಚು ಆರ್ಸಿದ್ದೂ ನೀವೇನಾ?"

ಅವನು ಮೆಲ್ಲಗೆ ಒಪ್ಪಿಕೊಂಡ. ಗಿಲ್ಬರ್ಟನ ಹುದುಗು ಊರಿಗೇ ಒಳ್ಳೆಯದು, ಅದು ತನಗೂ ಬೇಕಿತ್ತು. ಜಾಡಿ ತುಂಬಿಸಿಕೊಂಡು ಹೊರಡುವಾಗ ಕಂಬಳಿಯ ಕೆಂಪು ದೀಪ ಕಣ್ಣಿಗೆ ಬಿತ್ತು. ಚಳಿಯಾದರೆ ಹುದುಗು ಮಲಗುತ್ತದೆ, ಏಲ್ ಸ್ಪರ್ಧೆಯ ಹೊತ್ತಿಗೆ ತಯಾರಾಗುವುದಿಲ್ಲ.

"ಬರೀ ನಿದ್ದೆ ಮಾಡಿಸೋಣ ಅಂತ ಸಾರ್ಜೆಂಟ್, ಅಷ್ಟೇ. ಕೊಳವೇಲಿ ಅವನು ಅಂಥಾದ್ದು ಹಾಕಿರ್ತಾನೆ ಅಂತ ನಂಗೇನು ಗೊತ್ತು? ಅವನು ಬಿದ್ದ ಸುದ್ದಿ ಬಂದ್ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

ಅಕ್ಕ ಎದ್ದು ಅವನ ಎದುರು ನಿಂತಳು. ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿ ಎಂದೂ ಅಂದುಕೊಂಡೆ.

"ನಾನು ಜೈಲಿಗೆ ಹೋಗ್ತಿದ್ದೆ ಮರ್ವಿನ್. ನೀನು ನಿನ್ನ ಮನೆ ಕಿಟಕಿಯಿಂದ ನೋಡ್ತಾ ಕೂತಿರ್ತಿದ್ದೆ," ಎಂದಳು. "ನನ್ನ ದವಡೆ ಹಲ್ಲು ಕೀಳುವಾಗ್ಲೂ ಹಿಂಗೇ ಸುಳ್ಳು ಹೇಳಿದ್ದೆ ನೀನು. ನೋಯಲ್ಲ ಅಂತ."

ಅಷ್ಟು ಹೇಳಿ ಅವಳು ನಗಲು ಶುರು ಮಾಡಿದಳು. ನಗು ನಿಲ್ಲಲಿಲ್ಲ, ಅದೇ ಅಳುವಾಯಿತು, ಮತ್ತೆ ನಗುವಾಯಿತು. ಮರ್ವಿನ್ ಮೀಸೆಯಡಿಯಲ್ಲಿ ಏನೇನೋ ಕ್ಷಮೆ ಕೇಳಿಕೊಂಡ. ನಾನು ಫ್ರಿಜ್ಜಿನ ಬಾಗಿಲು ತೆಗೆದು ಅದರ ಹಿಂದೆ ಮುಖ ಮರೆಸಿಕೊಂಡು ಕಣ್ಣೊರೆಸಿಕೊಂಡೆ.

ಸಾರ್ಜೆಂಟ್ ಹಿತ್ತಲಿಗೆ ಹೋಗಿ ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು. ಆ ಕಡೆಯಿಂದ ಗದರಿಕೆ ಕೇಳಿಸಿತು, ಆಮೇಲೆ ಗದರಿಕೆ ಇಳಿಯಿತು, ಆಮೇಲೆ ಏನೂ ಕೇಳಿಸಲಿಲ್ಲ. ಒಳಗೆ ಬಂದವರು ಅಕ್ಕನಿಗೆ ಹೇಳಿದ್ದು ಇಷ್ಟೇ: "ಕೋಟು ಬಿಚ್ಚಿ ಡಕ್. ಎಲ್ಲಿಗೂ ಹೋಗೋದು ಬೇಡ."

ಅಕ್ಕ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದಳು. ಆ ಮನೆಗೆ ಮತ್ತೆ ಜೀವ ಬಂದಂತಾಯಿತು. ಮರ್ವಿನ್‌ನನ್ನು ಹೇಳಿಕೆ ಬರೆಸಲು ಠಾಣೆಗೆ ಕಳಿಸಿದರು. ಹೋಗುವಾಗ ಅವನು ಅಡಿಗೆಮನೆಯ ಹಲಗೆ ಮೇಲಿದ್ದ ಬೆಳ್ಳಿ ಬಟ್ಟಲಿನ ಕಡೆ ಒಮ್ಮೆಯೂ ನೋಡಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಯಾವ ಕೋರ್ಟೂ ಕೊಡಲಾರದು.

ಒಳ್ಳೆಯ ಸುದ್ದಿ ಒಂದರ ಹಿಂದೆ ಇನ್ನೊಂದು ಬಂತು. ಟೀ ಇನ್ನೂ ಆರಿರಲಿಲ್ಲ, ಆಸ್ಪತ್ರೆಯಿಂದ ಫೋನು. ಗಿಲ್ಬರ್ಟ್ ಕಣ್ಣು ಬಿಟ್ಟಿದ್ದ. ನೀರು ಕೇಳಿದನಂತೆ, ಕೊಟ್ಟದ್ದಕ್ಕೆ ಇದು ನಮ್ಮ ಬರ್ಟನ್ ನೀರಲ್ಲ ಎಂದು ಮುಖ ಸಿಂಡರಿಸಿದನಂತೆ.

ಪೊಲೀಸರು ಮೊದಲು ಅವನನ್ನು ಮಾತಾಡಿಸಬೇಕು, ಹೆಂಡತಿ ಒಂದು ಗಂಟೆ ಬಿಟ್ಟು ಬರಬಹುದು ಎಂದಿದ್ದರು. ಅಕ್ಕನಿಗೆ ಅದೂ ಒಳ್ಳೆಯದೇ ಆಯಿತು. ಈ ಮುಖ ಹೊತ್ತುಕೊಂಡು ಹೋದರೆ ಅವನು ಮತ್ತೆ ಮೂರ್ಛೆ ಹೋಗುತ್ತಾನೆ, ತಲೆಸ್ನಾನ ಮಾಡಬೇಕು, ಅವನಿಗೆ ಚೀಸ್ ಹಾಕಿ ದೋಸೆಯಂಥ ಓಟ್‌ಕೇಕ್ ಹುಯ್ದು ಡಬ್ಬಿಗೆ ಹಾಕಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ನಾನೂ ಸಾರ್ಜೆಂಟೂ ಆಸ್ಪತ್ರೆಗೆ ಹೊರಡುವಾಗ ಕಾವಲಿ ಒಲೆಯ ಮೇಲಿತ್ತು. ಅಕ್ಕ ಯಾವುದೋ ಹಳೆಯ ಡ್ಯಾನ್ಸಿನ ಧಾಟಿ ಗುನುಗುತ್ತಿದ್ದಳು. ಕಾರು ತಿರುಗುವವರೆಗೂ ಕಿಟಕಿಯಿಂದ ಕೈ ಬೀಸಿದಳು.

*

ಗಿಲ್ಬರ್ಟ್ ದಿಂಬುಗಳ ನಡುವೆ ಬಿಳುಚಿಕೊಂಡು ಒರಗಿದ್ದ. ಹಾಸಿಗೆಯ ಪಕ್ಕ ಒಬ್ಬ ಎಳೆ ಹರೆಯದ ಲೇಡಿ ಡಾಕ್ಟರು. ಈ ವಿಷಕ್ಕೆ ಹಳೆಯ ಮದ್ದು ಆಲ್ಕೊಹಾಲೇ ಎಂದು ಅವರು ನನಗೆ ಹೇಳಿದರು. ವಿಷದ ಜೊತೆ ಏಲ್ ಹೊಟ್ಟೆಯಲ್ಲಿದ್ದುದರಿಂದಲೇ ಇವರು ಆಸ್ಪತ್ರೆ ಮುಟ್ಟುವವರೆಗೂ ಉಳಿದುಕೊಂಡರಂತೆ.

"ಕೇಳಿಸ್ತಾ ಕ್ಲೆಮ್?" ಗಿಲ್ಬರ್ಟನ ದನಿ ಸಣ್ಣಗಿದ್ದರೂ ಜಂಭಕ್ಕೇನೂ ಕಡಿಮೆ ಇರಲಿಲ್ಲ. "ರೋಡಾಗೆ ಹೇಳು. ಡಾಕ್ಟರೇ ಹೇಳಿದ್ರು ಅಂತ ಹೇಳು."

ನಾನು ಅವನ ಕೈ ಹಿಡಿದುಕೊಂಡೆ. ನಾವಿಬ್ಬರೂ ಹಾಗೆಲ್ಲ ಕೈ ಹಿಡಿದುಕೊಳ್ಳುವ ಜನ ಅಲ್ಲ. ಬಿಡಲು ಮನಸ್ಸಾಗಲಿಲ್ಲ.

ಸಾರ್ಜೆಂಟ್ ಕುರ್ಚಿ ಎಳೆದುಕೊಂಡು ನಡೆದದ್ದನ್ನೆಲ್ಲ ಹೇಳಿದರು, ಕೊಳವೆ, ಕಂಬಳಿ, ಮರ್ವಿನ್, ಎಲ್ಲ. ಗಿಲ್ಬರ್ಟನ ಕಿವಿ ಕೆಂಪಾಯಿತು. ಹೌದು, ಆಂಟಿಫ್ರೀಜ್ ಹಾಕಿದ್ದು ತಾನೇ ಎಂದು ಒಪ್ಪಿಕೊಂಡ. ಇಂಥ ಕತ್ತೆ ಕೆಲಸ ಯಾರಿಗೂ ಹೇಳಬೇಡಿ, ಕೂಟದವರು ಸಾಯುವವರೆಗೂ ಆಡಿಕೊಳ್ಳುತ್ತಾರೆ ಎಂದು ಗೋಗರೆದ. ರೋಡಾಳ ಮೇಲೆ ಅನುಮಾನ ಪಟ್ಟಿದ್ದರೆಂದು ಕೇಳಿ ಮಾತ್ರ ಅವನ ಕಣ್ಣು ತುಂಬಿತು. ಆಮೇಲೆ ಹುಬ್ಬು ಗಂಟಿಕ್ಕಿದ.

"ಆದ್ರೆ ನಾನು ಡ್ರಮ್ಮಿನದ್ದು ಕುಡಿದೇ ಇಲ್ವಲ್ಲ."

ಬರೆದುಕೊಳ್ಳುತ್ತಿದ್ದ ಸಾರ್ಜೆಂಟರ ಪೆನ್ನು ನಿಂತಿತು.

"ಅದಿನ್ನೂ ಹುದುಗ್ತಾ ಇತ್ತು, ಹಸೀದು. ಅದನ್ನ ಯಾರು ಕುಡೀತಾರೆ?" ಎಂದ ಗಿಲ್ಬರ್ಟ್. "ನಾನು ಕುಡಿದಿದ್ದು ಕ್ಲೆಮ್ ಕಳಿಸಿದ್ದು. ಆವತ್ತು ಬೆಳಿಗ್ಗೆ ಷೆಡ್ಡಿನ ಮೆಟ್ಲ ಮೇಲಿತ್ತು, ಎರಡು ಬಾಟ್ಲಿ. ಅವನದೇ ಹಸಿರು ಮುಚ್ಚಳ."

ಹಸಿರು ಮುಚ್ಚಳ ನನ್ನದೇ ಗುರುತು, ಕೂಟದಲ್ಲಿ ಎಲ್ಲರಿಗೂ ಗೊತ್ತು. ಆದರೆ ನನ್ನ ಕುದಿಸುವ ಪಾತ್ರೆ ಶರತ್ಕಾಲದಲ್ಲೇ ಸುಟ್ಟುಹೋಗಿತ್ತು. ಈ ಚಳಿಗಾಲದಲ್ಲಿ ನಾನು ಒಂದು ಹನಿ ಏಲೂ ಮಾಡಿರಲಿಲ್ಲ. ಯಾರಿಗೂ ಯಾವ ಬಾಟಲಿಯನ್ನೂ ಕಳಿಸಿರಲಿಲ್ಲ. ಅದನ್ನೇ ಹೇಳಿದೆ.

ಖಾಲಿ ಬಾಟಲಿ ಏನಾಯಿತೆಂದು ಸಾರ್ಜೆಂಟ್ ಕೇಳಿದರು. ತೊಳೆದು, ಮುಚ್ಚಳ ಬಿಸಾಕಿ, ಉಳಿದ ನೂರಾರು ಖಾಲಿ ಬಾಟಲಿಗಳ ಜೊತೆ ಇಟ್ಟೆ ಎಂದ ಗಿಲ್ಬರ್ಟ್. ಏಲ್ ಮಾಡುವವನು ಮೊದಲು ಬಾಟಲಿ ತೊಳೆಯುತ್ತಾನೆ, ಆಮೇಲೆ ಕೂತು ಗ್ಲಾಸು ಎತ್ತುತ್ತಾನೆ.

"ರುಚಿ ಹೆಂಗಿತ್ತು?"

"ಸಿಹಿ. ಪೇಲ್ ಏಲ್ ಅಂದ್ರೆ ಕಹಿ ಇರ್ಬೇಕು ತಾನೆ? ಪಾಪ, ಕ್ಲೆಮ್‌ಗೆ ವಯಸ್ಸಾಯ್ತು, ಕೈ ಕೆಟ್ಟಿದೆ ಅಂದ್ಕೊಂಡೆ. ಬೇಜಾರಾಗ್ಬಾರ್ದು ಅಂತ ಪೂರ್ತಿ ಕುಡಿದೆ."

ಆಂಟಿಫ್ರೀಜ್ ಸಿಹಿಯಾಗಿಯೇ ಇರುತ್ತದೆ, ಇವರ ಮೈಯಲ್ಲಿ ಸಿಕ್ಕಿದ್ದು ಅರ್ಧ ಲೋಟಕ್ಕೂ ಹೆಚ್ಚು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಸಾರ್ಜೆಂಟ್ ಎದ್ದು ನಿಂತರು. ಆ ಕೊಳವೆಯಲ್ಲಿ ಹಿಡಿಯುವುದು ಎರಡು ಚಮಚ, ಅಷ್ಟು ದೊಡ್ಡ ಡ್ರಮ್ಮಿಗೆ ಎರಡು ಚಮಚ, ಅದರಿಂದ ಒಂದು ಬೆಕ್ಕಿಗೂ ಏನೂ ಆಗುತ್ತಿರಲಿಲ್ಲ ಎಂದರು. ಖುಷಿಯಲ್ಲಿ ತಾವು ಅಷ್ಟನ್ನೂ ಯೋಚಿಸಲಿಲ್ಲವಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು.

"ಗಿಲ್ಬರ್ಟ್, ಇನ್ನೊಂದು ಬಾಟ್ಲಿ ಎಲ್ಲಿ?"

"ರೋಡಾ ಒಳಗೆ ತಗೊಂಡೋದ್ಲು. ಅಡಿಗೆಮನೆ ಕಪಾಟಿನಲ್ಲಿರ್ಬೇಕು."

ನಾನು ಆಗಲೇ ಫೋನು ಕಿವಿಗಿಟ್ಟಿದ್ದೆ. ಅದು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಅಕ್ಕ ಎತ್ತಿದಳು. ಹಿಂದೆ ರೇಡಿಯೋ ಜೋರಾಗಿ ಹಾಡುತ್ತಿತ್ತು, ಕಾವಲಿ ಚುಂಯ್ ಎನ್ನುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು, ಇಷ್ಟು ದಿನಗಳಲ್ಲಿ ಅವಳ ದನಿ ಇಷ್ಟು ಹಗುರಾಗಿ ಕೇಳಿರಲಿಲ್ಲ.

"ಗಿಲ್ಬರ್ಟ್ ಎದ್ದ ಖುಷಿಗೆ ನಿನ್ನ ಬಾಟ್ಲಿ ತೆಗ್ದೆ ಕಣೋ ಕ್ಲೆಮ್. ಜೀವಮಾನದಲ್ಲಿ ಮೊದಲ್ನೇ ಸಲ. ಕಹಿ ಕಹಿ ಅಂತ ಇಷ್ಟು ವರ್ಷ ನನ್ನ ಸುಮ್ನೆ ಹೆದರಿಸಿಟ್ಟಿದ್ರಲ್ಲ ನೀವಿಬ್ರೂ. ಎಷ್ಟು ಸಿಹಿಯಾಗಿದೆ ಇದು."